ಫ್ರೆಂಚ್ ಚಕ್ರವರ್ತಿಯ ಬಾಯಲ್ಲಿ ಅಮೆರಿಕದ ಇಂಗ್ಲಿಷು!

ರಿಡ್ಲಿ ಸ್ಕಾಟ್ ಎಂದರೆ ನಿಮಗೂ ಹುಚ್ಚು, ನನಗೂ ಹುಚ್ಚು. 2000ದ ‘ಗ್ಲಾಡಿಯೇಟರ್’ ಎಷ್ಟು ಸಲ ನೋಡಿದ್ದೇನೋ ಲೆಕ್ಕವಿಲ್ಲ. ಅಂಥವನು 2023ರಲ್ಲಿ ‘ನೆಪೋಲಿಯನ್’ ತೆಗೆದಾಗ ಎಷ್ಟು ಆಸೆ ಇಟ್ಟುಕೊಂಡಿರಬೇಡ! ಸಿಕ್ಕಿದ್ದೇನು? ಹೆಂಡತಿ ಜೋಸೆಫೀನಳ ಹಿಂದೆ ಮುಖ ಊದಿಸಿಕೊಂಡು ಅಲೆಯುವ ಒಬ್ಬ ಗೊಣಗುಮಾರಿ. ಆಸ್ಟರ್ಲಿಟ್ಜ್ ಯುದ್ಧದ ದೃಶ್ಯವೊಂದು ಭೇಷ್, ಒಪ್ಪುತ್ತೇನೆ. ಮಿಕ್ಕಿದ್ದು?

“ಹಾಲಿವುಡ್ಡಿನಲ್ಲಿ ಇಂಗ್ಲಿಷ್ ಇರದೆ ಇನ್ನೇನು” ಅಂತೀರಾ? ಕೇಳಿ. ನೆಪೋಲಿಯನ್ 1769ರಲ್ಲಿ ಹುಟ್ಟಿದ್ದು ಕಾರ್ಸಿಕಾ ದ್ವೀಪದಲ್ಲಿ. ಮನೆಮಾತು ಫ್ರೆಂಚ್ ಅಲ್ಲ, ಇಟಾಲಿಯನ್ನಿಗೆ ಹತ್ತಿರದ ಕಾರ್ಸಿಕನ್. ಒಂಬತ್ತು ವರ್ಷದವನು ಫ್ರಾನ್ಸಿನ ಶಾಲೆಗೆ ಹೋಗಿ ಫ್ರೆಂಚ್ ಕಲಿತ. ಉಚ್ಚಾರ ಕೇಳಿ ಜೊತೆಯ ಹುಡುಗರು ನಕ್ಕರು. ಕಾನ್ವೆಂಟುಗಳಲ್ಲಿ ಕನ್ನಡದ ಬಾಯಿಗೆ ನಗುವುದನ್ನು ಕಂಡಿರುವ ನಿಮಗೆ ಆ ಹುಡುಗನ ಉರಿ ತಿಳಿಯದೇ? ಸಿನಿಮಾ ಶುರುವಾಗುವುದೇ 1793ರಲ್ಲಿ. ಊರಿಗೆ ಊರೇ ಇಂಗ್ಲಿಷ್ ಆಡುವ ಫ್ರಾನ್ಸಿನಲ್ಲಿ ಆ ಉಚ್ಚಾರಕ್ಕೆ ಜಾಗವೆಲ್ಲಿ?

ಸುಳ್ಳಿಗೂ ಬರವಿಲ್ಲ. ರಾಣಿಯ ತಲೆ ಕಡಿಯುವಾಗ ನೆಪೋಲಿಯನ್ ಗುಂಪಿನಲ್ಲಿ ನಿಂತಿದ್ದನಂತೆ! ಪಿರಮಿಡ್ಡಿಗೆ ಫಿರಂಗಿ ಹೊಡೆಸಿದನಂತೆ! ಇತಿಹಾಸಕಾರರು ಕೇಳಿದರೆ ಸ್ಕಾಟ್ ಸಾಹೇಬರದು ಉಡಾಫೆ.

ನಾನು ಪ್ರೆಸ್ಸು ನಡೆಸುವವನು, ಹೊಟ್ಟೆ ಉರಿದದ್ದು ಇಲ್ಲಿ. 1798ರಲ್ಲಿ ಈಜಿಪ್ಟಿಗೆ ದಂಡೆತ್ತಿ ಹೋದವನು ಫಿರಂಗಿ ಜೊತೆ ಅಚ್ಚಿನ ಯಂತ್ರ ಒಯ್ದ, ನೂರೈವತ್ತಕ್ಕೂ ಹೆಚ್ಚು ವಿದ್ವಾಂಸರನ್ನು ಒಯ್ದ, ರೋಮಿನ ಅರಬ್ಬಿ ಅಚ್ಚುಮೊಳೆಗಳನ್ನು ಹೊತ್ತೊಯ್ದ. ಯಾಕೆ? ಆ ಜನರನ್ನು ಆಳಬೇಕಾದರೆ ಅವರ ಭಾಷೆಯಲ್ಲೇ ಕರಪತ್ರ ಹಾಕಬೇಕು! ಆತ ಒಳ್ಳೆಯವನು ಅನ್ನುತ್ತಿಲ್ಲ. 1802ರಲ್ಲಿ ಗುಲಾಮಗಿರಿಯನ್ನು ಮತ್ತೆ ತಂದವನೂ ಅವನೇ. ಆದರೆ ಬೆಂಗಳೂರಿನ ಎಷ್ಟೋ ಬ್ಯಾಂಕ್ ಕೌಂಟರುಗಳಿಗೆ ಇನ್ನೂ ಹೊಳೆಯದ್ದು ಅವನಿಗೆ ಅಂದೇ ಹೊಳೆದಿತ್ತು. ಚಿತ್ರದಲ್ಲಿ ಒಂದು ಮೊಳೆಯ ಸುಳಿವೂ ಇಲ್ಲ.

ಅದೇ ಈಜಿಪ್ಟಿನಿಂದ 1799ರ ಜನವರಿಯಲ್ಲಿ ಆತ ನಮ್ಮ ಟಿಪ್ಪುವಿಗೆ ಕಾಗದ ಬರೆದ. ಬ್ರಿಟಿಷರು ದಾರಿಯಲ್ಲೇ ಹಿಡಿದುಕೊಂಡರು. ಮೇ 4ರಂದು ಶ್ರೀರಂಗಪಟ್ಟಣ ಬಿತ್ತು, ಟಿಪ್ಪು ಸತ್ತ. ಆಮೇಲೆ ಅಲ್ಲಿ ಅಧಿಕಾರಕ್ಕೆ ಕೂತ ಆರ್ಥರ್ ವೆಲ್ಲೆಸ್ಲಿಯೇ 1815ರಲ್ಲಿ ವಾಟರ್ಲೂನಲ್ಲಿ ನೆಪೋಲಿಯನ್ನನನ್ನು ಮಣಿಸಿದ ವೆಲಿಂಗ್ಟನ್. ಚಿತ್ರದಲ್ಲಿ ವೆಲಿಂಗ್ಟನ್ ಇದ್ದಾನೆ. ಟಿಪ್ಪುವಿನ ಹೆಸರೂ ಇಲ್ಲ, ಆ ಕಾಗದವೂ ಇಲ್ಲ. ಸ್ಕಾಟ್ ಅದನ್ನು ತೆಗೆಯುವವನಲ್ಲ, ಬಿಡಿ. ನಿಮ್ಮಲ್ಲಿ ಕ್ಯಾಮೆರಾ ಹಿಡಿದವರು ಯಾರಿದ್ದೀರಿ? ಆ ಕಾಗದದಿಂದಲೇ ಶುರು ಮಾಡಿ, ಕನ್ನಡದಲ್ಲಿ. ಪೋಸ್ಟರ್ ಅಚ್ಚು ನನ್ನ ಪ್ರೆಸ್ಸಿನದು, ಕೂಲಿ ಬೇಡ.