ಬೇಸಿಗೆಯ ಯೋಜನೆಯಲ್ಲಿ ಕೊಟ್ಟಿಗೆಯ ಹೆಣ್ಣುಮಗಳು ಎಲ್ಲಿದ್ದಾಳೆ?



ಬೇಸಿಗೆ ಶುರುವಾಗುತ್ತಿದ್ದಂತೆ ನಿಮ್ಮ ಊರಿಗೆ ಎರಡು ಬಗೆಯ ಸೂಚನೆಗಳು ಬರುತ್ತವೆ. ಒಂದು ಜನರ ಆರೋಗ್ಯದ್ದು. ಮಧ್ಯಾಹ್ನ 12ರಿಂದ 3ರವರೆಗೆ ಬಿಸಿಲಿಗೆ ಹೋಗಬೇಡಿ, ಆ ಹೊತ್ತಿನಲ್ಲಿ ಶ್ರಮದ ಕೆಲಸ ಬೇಡ, ಬಾಯಾರಿಕೆ ಇಲ್ಲದಿದ್ದರೂ ನೀರು ಕುಡಿಯಿರಿ ಎನ್ನುತ್ತದೆ ಅದು. ಇನ್ನೊಂದು ರಾಸುಗಳದ್ದು. ನೆರಳಲ್ಲಿ ಕಟ್ಟಿ, ತಣ್ಣನೆಯ ನೀರು ಪದೇ ಪದೇ ಕೊಡಿ, ಮೈಮೇಲೆ ನೀರು ಚಿಮುಕಿಸಿ, ಕೊಟ್ಟಿಗೆಯ ಸೂರಿಗೆ ಹುಲ್ಲು ಹೊದಿಸಿ ಎನ್ನುತ್ತದೆ. ಎರಡೂ ಸರಿಯಾದ ಸಲಹೆಗಳೇ. ಆದರೆ ಅವನ್ನು ಪಕ್ಕಪಕ್ಕ ಇಟ್ಟು ಓದಿ ನೋಡಿ. ಬಿಸಿಲು ನೆತ್ತಿಗೇರಿದಾಗ ಮೈ ದಣಿಸಬೇಡ ಎನ್ನುವ ಹಾಳೆ ತಲುಪುವುದು ನಿಮಗೆ. ಅದೇ ಹೊತ್ತಿಗೆ ಹಸುವಿಗೆ ನೀರು ಹೊರು ಎನ್ನುವ ಹಾಳೆ ತಲುಪುವುದೂ ನಿಮಗೇ.

ಈ ಎರಡು ಹಾಳೆಗಳು ಒಂದಾಗಬೇಕು, ಅದನ್ನು ಕೇಳಬೇಕಾದವರು ನೀವು ಎಂದು ಹೇಳುವುದಕ್ಕೇ ಈ ಲೇಖನ.

ಬಿಸಿಲಿಗೆ ಸರ್ಕಾರ ಯೋಜನೆ ಮಾಡುವುದು ನಮ್ಮ ದೇಶದಲ್ಲಿ ಬಹಳ ಹಳೆಯ ಸಂಗತಿಯಲ್ಲ. 2010ರ ಮೇ ತಿಂಗಳಲ್ಲಿ ಅಹಮದಾಬಾದಿನಲ್ಲಿ ಉಷ್ಣಾಂಶ 46.8 ಡಿಗ್ರಿ ಮುಟ್ಟಿತು. ಹಿಂದಿನ ವರ್ಷಗಳ ಮೇ ತಿಂಗಳಿಗೆ ಹೋಲಿಸಿದರೆ ಆ ತಿಂಗಳು 1,344 ಸಾವು ಹೆಚ್ಚಾಗಿತ್ತು ಎಂದು ಆಮೇಲೆ ಕೂತು ಲೆಕ್ಕ ಹಾಕಿದಾಗ ಗೊತ್ತಾಯಿತು. ಬಿಸಿಲು ಹೃದಯದ ಕಾಯಿಲೆ, ಮೂತ್ರಪಿಂಡದ ಕಾಯಿಲೆ ಎಂಬ ಹೆಸರಿನಲ್ಲಿ ಕೊಲ್ಲುತ್ತದೆ. ಹಾಗಾಗಿ ಎಣಿಸದೆ ಅದು ಕಣ್ಣಿಗೆ ಬೀಳುವುದಿಲ್ಲ. 2013ರಲ್ಲಿ ಅಲ್ಲಿನ ಮಹಾನಗರ ಪಾಲಿಕೆ, ಗಾಂಧಿನಗರದ ಸಾರ್ವಜನಿಕ ಆರೋಗ್ಯ ಸಂಸ್ಥೆ ಮತ್ತಿತರರ ಜೊತೆ ಸೇರಿ ಒಂದು ಬಿಸಿಲು ಕ್ರಿಯಾ ಯೋಜನೆ ಮಾಡಿತು. ದಕ್ಷಿಣ ಏಷ್ಯಾದಲ್ಲೇ ಅದು ಮೊದಲನೆಯದು. ಹವಾಮಾನ ಇಲಾಖೆಯ ಮುನ್ಸೂಚನೆ ನೋಡಿ ಬಣ್ಣದ ಎಚ್ಚರಿಕೆ ಕೊಡುವುದು, ಅದಕ್ಕೊಬ್ಬ ಜವಾಬ್ದಾರಿ ಅಧಿಕಾರಿ, ವೈದ್ಯರಿಗೆ ತರಬೇತಿ, ಆಸ್ಪತ್ರೆ ಮತ್ತು ಆಂಬುಲೆನ್ಸ್ ಸಜ್ಜು, ಕುಡಿಯುವ ನೀರಿನ ವ್ಯವಸ್ಥೆ, ಆಮೇಲೆ ಬಡವರ ಮನೆಯ ಚಾವಣಿಗೆ ಬಿಳಿ ಸುಣ್ಣ. ದೊಡ್ಡ ಯಂತ್ರ, ದೊಡ್ಡ ಕಟ್ಟಡ ಯಾವುದೂ ಇಲ್ಲ. ಯಾರು, ಯಾವಾಗ, ಏನು ಮಾಡಬೇಕು ಎಂದು ಮೊದಲೇ ಬರೆದಿಟ್ಟುಕೊಂಡದ್ದೇ ಅದರ ಬಲ.

ಆಮೇಲೆ ಬೇರೆ ನಗರಗಳು, ರಾಜ್ಯಗಳು ಅದೇ ದಾರಿ ಹಿಡಿದವು. 2019ರಲ್ಲಿ ಕೇಂದ್ರ ಆರೋಗ್ಯ ಸಚಿವಾಲಯ ಹವಾಮಾನ ಬದಲಾವಣೆ ಮತ್ತು ಮಾನವ ಆರೋಗ್ಯದ ರಾಷ್ಟ್ರೀಯ ಕಾರ್ಯಕ್ರಮ ಶುರುಮಾಡಿತು. ಅದರ ಪ್ರಕಾರ ರಾಜ್ಯಕ್ಕೊಂದು, ಜಿಲ್ಲೆಗೊಂದು ಯೋಜನೆ ಇರಬೇಕು, ಜಿಲ್ಲೆಯಲ್ಲಿ ಇದಕ್ಕೆಂದೇ ಒಬ್ಬ ನೋಡಲ್ ಅಧಿಕಾರಿ ಇರಬೇಕು. ನಿಮ್ಮ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಬೇಸಿಗೆಗೆ ಓಆರ್‌ಎಸ್ ಪೊಟ್ಟಣ ದಾಸ್ತಾನು ಮಾಡುವುದು, ಬಿಸಿಲಿನ ಕಾಯಿಲೆ ಬಂದವರ ಲೆಕ್ಕ ಬರೆದು ಮೇಲಕ್ಕೆ ಕಳಿಸುವುದು ಇದೇ ವ್ಯವಸ್ಥೆಯ ಭಾಗ.

ಇಂಥ ಯೋಜನೆಗಳಲ್ಲಿ ಯಾರಿಗೆ ಅಪಾಯ ಹೆಚ್ಚು ಎಂಬ ಪಟ್ಟಿ ಇರುತ್ತದೆ. ವಯಸ್ಸಾದವರು, ಮಕ್ಕಳು, ಗರ್ಭಿಣಿಯರು, ಸಕ್ಕರೆ ಕಾಯಿಲೆ ಮತ್ತು ಬಿಪಿ ಇರುವವರು, ಬಯಲಲ್ಲಿ ದುಡಿಯುವವರು. ನೀವು ಇದರಲ್ಲಿ ಎಲ್ಲಿ ಬರುತ್ತೀರಿ? ಹೊಲಕ್ಕೆ ಹೋದ ದಿನ ಬಯಲಲ್ಲಿ ದುಡಿಯುವವರು. ಕೊಟ್ಟಿಗೆಯಲ್ಲಿದ್ದ ದಿನ, ಲೆಕ್ಕದ ಪ್ರಕಾರ, ಮನೆಯಲ್ಲೇ ನೆರಳಲ್ಲಿ ಇರುವವರು. ತಗಡಿನ ಶೀಟಿನ ಕೆಳಗೆ ಏಪ್ರಿಲ್ ಮಧ್ಯಾಹ್ನ ಎಂಥ ನೆರಳು ಇರುತ್ತದೆ ಎಂದು ನಿಮಗೆ ನಾನು ಹೇಳಬೇಕಾಗಿಲ್ಲ. ಸಗಣಿ, ಗಂಜಲದ ಆವಿ ಬೇರೆ. ರೇಷನ್ ಕಾರ್ಡಿನಲ್ಲೋ ಆಸ್ಪತ್ರೆಯ ಚೀಟಿಯಲ್ಲೋ ಉದ್ಯೋಗ ಎಂಬ ಕಡೆ 'ಗೃಹಿಣಿ' ಎಂದು ಬರೆದುಬಿಟ್ಟರೆ, ಕೊಟ್ಟಿಗೆಯಲ್ಲಿ ತಲೆಸುತ್ತಿ ಬಿದ್ದವಳು ಯಾವ ಕೆಲಸ ಮಾಡುತ್ತಾ ಬಿದ್ದಳು ಎಂಬುದು ಯಾವ ಲೆಕ್ಕಕ್ಕೂ ಸಿಗುವುದಿಲ್ಲ.

ನೀರಿನ ಲೆಕ್ಕವನ್ನೇ ತೆಗೆದುಕೊಳ್ಳಿ. ಹಾಲು ಕರೆಯುವ ಸೀಮೆಹಸು ಬಿಸಿಲುಗಾಲದಲ್ಲಿ ದಿನಕ್ಕೆ 80ರಿಂದ 100 ಲೀಟರ್ ನೀರು ಕುಡಿಯಬಲ್ಲದು. ಮೂರು ಹಸು ಇದ್ದರೆ ಸುಮಾರು 300 ಲೀಟರ್. 15 ಲೀಟರಿನ ಬಿಂದಿಗೆಯಲ್ಲಿ ಇಪ್ಪತ್ತು ಬಿಂದಿಗೆ. ಮೈಗೆ ಚಿಮುಕಿಸುವ ನೀರು, ಕೊಟ್ಟಿಗೆ ತೊಳೆಯುವ ನೀರು, ಮನೆ ಬಳಕೆಯ ನೀರು ಇದರಲ್ಲಿ ಸೇರಿಲ್ಲ. ಕೊಟ್ಟಿಗೆಗೆ ನಲ್ಲಿ ಇರುವ ಮನೆಯವರು ಪುಣ್ಯವಂತರು. ಇಲ್ಲದವರ ಮನೆಯಲ್ಲಿ ಬಿಸಿಲು ಏರಿದಷ್ಟೂ ಹಸುವಿಗೆ ನೀರು ಹೆಚ್ಚು ಬೇಕು, ನೀರು ಹೆಚ್ಚು ಬೇಕಾದಷ್ಟೂ ಹೆಂಗಸು ಬಿಸಿಲಿಗೆ ಹೆಚ್ಚು ಹೋಗಬೇಕು. ಹಸುವನ್ನು ಕಾಪಾಡುವ ನಮ್ಮ ಸಲಹೆ ನಿಮ್ಮ ಬೆನ್ನಿನ ಮೇಲೇ ಕೂತಿದೆ.

ಇನ್ನೊಂದು ತೊಡಕು ಎಚ್ಚರಿಕೆಯ ಮಟ್ಟದ್ದು. ಬಯಲು ಪ್ರದೇಶದಲ್ಲಿ ಕನಿಷ್ಠ 40 ಡಿಗ್ರಿ ಮುಟ್ಟಿದ ಮೇಲೆಯೇ ಹವಾಮಾನ ಇಲಾಖೆ ಬಿಸಿಗಾಳಿ ಎಂದು ಘೋಷಿಸುವ ವಿಚಾರ ಮಾಡುತ್ತದೆ. ಜನರ ದೃಷ್ಟಿಯಿಂದ ಅದಕ್ಕೊಂದು ಅರ್ಥವಿದೆ. ಹಸುವಿನ ಕಥೆ ಬೇರೆ. ನಾವು ಪಶುವೈದ್ಯರು ಬಿಸಿ ಮತ್ತು ತೇವಾಂಶ ಎರಡನ್ನೂ ಸೇರಿಸಿ ಒಂದು ಸೂಚ್ಯಂಕ ನೋಡುತ್ತೇವೆ. ಅದು 72 ದಾಟಿದರೆ ಹಾಲು ಕರೆಯುವ ಸೀಮೆಹಸುವಿಗೆ ಕಷ್ಟ ಶುರು. 28 ಡಿಗ್ರಿ ಬಿಸಿ, ಗಾಳಿಯಲ್ಲಿ ಶೇಕಡ 50ರಷ್ಟು ತೇವ ಇದ್ದರೆ ಸಾಕು, ಸೂಚ್ಯಂಕ 75 ದಾಟಿರುತ್ತದೆ. ನಾವು ಫ್ಯಾನು ಕೂಡ ಹಾಕಿಕೊಳ್ಳದ ದಿನ ಅದು! ಹಳ್ಳಿಕಾರ್ ತಳಿಯ ಹಸು ತಡೆದುಕೊಳ್ಳುತ್ತದೆ, ಎಚ್‌ಎಫ್ ಮಿಶ್ರತಳಿ ಏದುಸಿರು ಬಿಡುತ್ತದೆ. ಎಮ್ಮೆಗೆ ಕಪ್ಪು ಚರ್ಮ, ಬೆವರು ಕಡಿಮೆ, ಅದಕ್ಕೂ ಕಷ್ಟವೇ. ಮೇವು ಬಿಡುತ್ತದೆ, ಹಾಲು ಇಳಿಯುತ್ತದೆ, ಫ್ಯಾಟ್ ಇಳಿಯುತ್ತದೆ. ಬೆದೆಗೆ ಬಂದದ್ದೂ ಗೊತ್ತಾಗುವುದಿಲ್ಲ, ಕೃತಕ ಗರ್ಭಧಾರಣೆ ಮಾಡಿಸಿದರೂ ಕಟ್ಟುವುದಿಲ್ಲ. ಬಿಸಿಗಾಳಿಯ ಒಂದೇ ಒಂದು ಎಚ್ಚರಿಕೆ ಬಾರದ ತಾಲ್ಲೂಕಿನಲ್ಲೂ ಇಷ್ಟೆಲ್ಲ ಆಗುತ್ತದೆ.

ಇದನ್ನೇ ತಿರುಗಿಸಿ ನೋಡಿದರೆ ನಿಮ್ಮ ಡೇರಿಯ ಪುಸ್ತಕಕ್ಕೆ ಬೇರೆಯೇ ಬೆಲೆ ಬರುತ್ತದೆ. ಬಿಸಿ ಏರಿದ ಒಂದೆರಡು ದಿನದಲ್ಲೇ ಹಾಲು ಇಳಿಯುತ್ತದೆ. ಪ್ರತಿ ಸಂಘದಲ್ಲೂ ಬೆಳಿಗ್ಗೆ ಸಂಜೆ, ಒಬ್ಬೊಬ್ಬರ ಹೆಸರಿನಲ್ಲೂ ಲೀಟರ್ ಮತ್ತು ಫ್ಯಾಟ್ ದಾಖಲಾಗುತ್ತದೆ. ಇಷ್ಟು ಸೂಕ್ಷ್ಮವಾದ ಲೆಕ್ಕ ಬೇರೆ ಯಾವ ಇಲಾಖೆಯ ಬಳಿ ಇದೆ? ಒಂದು ಊರಿನ ಹಾಲು ಏಕಾಏಕಿ ಇಳಿದರೆ, ಕಾಲುಬಾಯಿ ಜ್ವರವೂ ಇಲ್ಲ, ಮೇವಿನ ಬದಲಾವಣೆಯೂ ಇಲ್ಲ ಎಂದಾದರೆ, ಆ ಊರಿನ ಕೊಟ್ಟಿಗೆಗಳು ಕಾದಿವೆ ಎಂದೇ ಅರ್ಥ. ಆ ಕೊಟ್ಟಿಗೆಯಲ್ಲಿ ಕೆಲಸ ಮಾಡುವವರೂ ಕಾದಿರುತ್ತಾರೆ. ಪ್ರಾಣಿಯನ್ನು ನೋಡಿ ಮನುಷ್ಯರಿಗೆ ಎಚ್ಚರಿಕೆ ಕೊಡುವುದು ನಮ್ಮ ರಾಜ್ಯಕ್ಕೆ ಹೊಸದಲ್ಲ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನ ಬಳಿ ಮಂಗನ ಕಾಯಿಲೆ ಪತ್ತೆಯಾಯಿತು. ಇಂದಿಗೂ ಮಲೆನಾಡಿನಲ್ಲಿ ಮಂಗ ಸತ್ತು ಬಿದ್ದರೆ ಆರೋಗ್ಯ ಇಲಾಖೆಗೆ ಸುದ್ದಿ ಹೋಗುತ್ತದೆ. ಅಲ್ಲಿ ಸತ್ತ ಮಂಗ ಹೇಳುವುದನ್ನು ಇಲ್ಲಿ ಬದುಕಿರುವ ಹಸು ಹೇಳುತ್ತಿದೆ. ಕೇಳಿಸಿಕೊಳ್ಳುವ ವ್ಯವಸ್ಥೆ ಬೇಕು, ಅಷ್ಟೇ.

'ಒಕ್ಕೂಟದ ಕೆಲಸ ಹಾಲು ಕೊಳ್ಳುವುದು, ಇದೆಲ್ಲ ಆರೋಗ್ಯ ಇಲಾಖೆಗೆ ಬಿಟ್ಟದ್ದು' ಎನ್ನುವವರಿದ್ದಾರೆ. ನನಗೆ ಹಾಗೆ ಅನಿಸುವುದಿಲ್ಲ. ಪಕ್ಕದ ಕೇರಳದ ಮಲಬಾರ್ ಹಾಲು ಒಕ್ಕೂಟ 2023ರಲ್ಲಿ ಒಂದು ವಿಮೆ ತಂದಿತು. ಹಸು ಸತ್ತಾಗ ಕೊಡುವ ವಿಮೆಯಲ್ಲ. ಉಷ್ಣಾಂಶ ಗೊತ್ತುಮಾಡಿದ ಮಿತಿಯನ್ನು ಸತತವಾಗಿ ಇಷ್ಟು ದಿನ ದಾಟಿದರೆ, ಹಾಲು ಕಡಿಮೆಯಾದ ನಷ್ಟಕ್ಕೆಂದು ರೈತರಿಗೆ ಹಣ. ಅದೇ ವರ್ಷ ಗುಜರಾತಿನಲ್ಲಿ ಸೇವಾ ಸಂಘಟನೆ ತನ್ನ ಸುಮಾರು 21,000 ಮಹಿಳಾ ಸದಸ್ಯರಿಗೆ ಬಿಸಿಲಿನ ವಿಮೆ ಮಾಡಿಸಿತು. ಬಿಸಿಲು ಮಿತಿಮೀರಿದ ದಿನ ಕೂಲಿ ತಪ್ಪಿದ್ದಕ್ಕೆ ಪರಿಹಾರ. ಒಂದು ಕಡೆ ಹಸುವಿಗೆ, ಇನ್ನೊಂದು ಕಡೆ ಹೆಂಗಸಿಗೆ. ಎರಡನ್ನೂ ಒಟ್ಟಿಗೆ ಯೋಚಿಸುವುದಕ್ಕೆ ಹಾಲು ಒಕ್ಕೂಟಕ್ಕಿಂತ ಒಳ್ಳೆಯ ಜಾಗ ನನಗಂತೂ ಕಾಣುತ್ತಿಲ್ಲ. ಕಲಬುರಗಿ ಕಡೆಯ ಜಿಲ್ಲೆಗಳಲ್ಲಿ ಏಪ್ರಿಲ್, ಮೇ ತಿಂಗಳಲ್ಲಿ ಸರ್ಕಾರಿ ಕಚೇರಿಗಳು ಬೆಳಿಗ್ಗೆ 8ಕ್ಕೆ ತೆರೆದು ಮಧ್ಯಾಹ್ನ 1.30ಕ್ಕೆ ಮುಚ್ಚುತ್ತವೆ. ಫ್ಯಾನಿನ ಕೆಳಗೆ ಕೂರುವವರ ಹೊತ್ತು ಬದಲಾಗುವುದಾದರೆ, ಬೇಸಿಗೆಯಲ್ಲಿ ಹಾಲು ಹಾಕುವ ಹೊತ್ತನ್ನು ಬೆಳಿಗ್ಗೆ ಇನ್ನಷ್ಟು ಬೇಗ, ಸಂಜೆ ಸ್ವಲ್ಪ ತಡ ಮಾಡಬಹುದೇ ಎಂದು ಕೇಳುವುದರಲ್ಲಿ ತಪ್ಪೇನಿದೆ? ಹಾಲಿನ ಗಾಡಿಯ ಮಾರ್ಗ, ಬಿಎಂಸಿಯ ಕರೆಂಟು ಎಲ್ಲ ನೋಡಬೇಕಾಗುತ್ತದೆ ನಿಜ. ನೋಡೋಣ.

ಸಂಘದ ವಾರ್ಷಿಕ ಮಹಾಸಭೆ ಸೆಪ್ಟೆಂಬರಿಗೆ. ಅಷ್ಟರಲ್ಲಿ ಬೇಸಿಗೆ ಮರೆತುಹೋಗಿರುತ್ತದೆ. ಆದ್ದರಿಂದ ಮುಂದಿನ ತಿಂಗಳ ಆಡಳಿತ ಮಂಡಳಿ ಸಭೆಯಲ್ಲೇ ಈ ವಿಷಯ ಎತ್ತಿ. ಜಿಲ್ಲೆಯ ಬಿಸಿಲು ಯೋಜನೆಯಲ್ಲಿ ಕೊಟ್ಟಿಗೆ ಕೆಲಸ ಮಾಡುವವರನ್ನು ಅಪಾಯದ ಪಟ್ಟಿಗೆ ಸೇರಿಸಬೇಕು, ಎಚ್ಚರಿಕೆಯ ಸಂದೇಶ ಸಂಘದ ಕಾರ್ಯದರ್ಶಿಗೂ ನೇರವಾಗಿ ಬರಬೇಕು, ಆಶಾ ಕಾರ್ಯಕರ್ತೆಯ ಬಳಿ ಇರುವಂತೆ ಡೇರಿಯಲ್ಲೂ ಓಆರ್‌ಎಸ್ ಇರಬೇಕು ಎಂದು ಠರಾವು ಬರೆಸಿ. ಒಂದು ಪ್ರತಿ ಜಿಲ್ಲಾ ಆರೋಗ್ಯಾಧಿಕಾರಿ ಕಚೇರಿಯ ನೋಡಲ್ ಅಧಿಕಾರಿಗೆ, ಒಂದು ಪಶುಪಾಲನಾ ಇಲಾಖೆಯ ಉಪನಿರ್ದೇಶಕರಿಗೆ, ಒಂದು ನಮ್ಮ ಒಕ್ಕೂಟಕ್ಕೆ. ಗ್ರಾಮ ಸಭೆಯಲ್ಲಿ ಕೊಟ್ಟಿಗೆಗೆ ನಲ್ಲಿ, ನೀರಿನ ತೊಟ್ಟಿ ಕೇಳುವಾಗ ಅದನ್ನು ಹಸುವಿನ ಸೌಕರ್ಯ ಎಂದಷ್ಟೇ ಕೇಳಬೇಡಿ, ನಿಮ್ಮ ಆರೋಗ್ಯದ ಬೇಡಿಕೆ ಎಂದೂ ಬರೆಸಿ.

ಅಲ್ಲಿಯವರೆಗೆ ಕೈಯಲ್ಲಿರುವುದನ್ನು ಮಾಡಿಕೊಳ್ಳಿ. ಬೆಳಿಗ್ಗೆ 10ರೊಳಗೆ ತೊಟ್ಟಿಗಳನ್ನು ತುಂಬಿಸಿಟ್ಟು, ಅದಕ್ಕೆ ನೆರಳು ಮಾಡಿ. ಆಗ ಮಧ್ಯಾಹ್ನ ಬಿಂದಿಗೆ ಹೊರುವುದು ತಪ್ಪುತ್ತದೆ. ಶೀಟಿನ ಮೇಲೆ ಸುಣ್ಣ ಬಳಿಯಿರಿ, ಇಲ್ಲವೇ ತೆಂಗಿನ ಗರಿ ಹೊದಿಸಿ. ಗಾಳಿ ಆಡದ ಮುಚ್ಚಿದ ಕೊಟ್ಟಿಗೆಯಲ್ಲಿ ನೀರು ಚಿಮುಕಿಸಿದರೆ ಧಗೆ ಇನ್ನೂ ಹೆಚ್ಚುತ್ತದೆ, ಮೊದಲು ಗಾಳಿಗೆ ದಾರಿ ಮಾಡಿ. ಒಣಮೇವನ್ನು ಸಂಜೆ, ರಾತ್ರಿ ಹಾಕಿ. ಹಸು ಬಾಯಿ ತೆರೆದು ನಾಲಿಗೆ ಚಾಚಿ ಉಸಿರಾಡುತ್ತಿದ್ದರೆ ತಡಮಾಡದೆ ನಮಗೆ ಅಥವಾ 1962ಕ್ಕೆ ಫೋನ್ ಮಾಡಿ. ನಿಮಗೇ ತಲೆಸುತ್ತು, ವಾಕರಿಕೆ, ಕಾಲು ಸೆಳೆತ ಬಂದರೆ ಕರೆಯುವ ಕೆಲಸ ಅರ್ಧಕ್ಕೆ ಬಿಟ್ಟಾದರೂ ನೆರಳಿಗೆ ಹೋಗಿ ಕೂತು ನೀರು ಕುಡಿಯಿರಿ. ಮೈ ಸುಡುತ್ತಾ ಮಾತು ತೊದಲಿದರೆ, ಗೊಂದಲವಾದರೆ ಅದು ತುರ್ತು. ಮನೆಯವರು ಮೈಗೆ ನೀರು ಹಾಕುತ್ತಲೇ 108ಕ್ಕೆ ಕರೆ ಮಾಡಬೇಕು. ಈ ಮಾತನ್ನು ಮನೆಯ ಗಂಡಸರಿಗೂ ಮಕ್ಕಳಿಗೂ ಓದಿ ಹೇಳಿ, ಆ ಹೊತ್ತಿನಲ್ಲಿ ಫೋನ್ ಮಾಡಬೇಕಾದವರು ಅವರು.