ಎರಡನೆಯ ‘ಪಾಪ ಪಾಂಡು’ ಎಡವಿದ್ದು ಎಲ್ಲಿ

ತೀರ್ಪನ್ನು ಮೊದಲೇ ಹೇಳಿಬಿಡುತ್ತೇವೆ. 2018ರಲ್ಲಿ ಕಲರ್ಸ್ ಸೂಪರ್ ವಾಹಿನಿಯಲ್ಲಿ ಮರಳಿ ಬಂದ ಹಾಸ್ಯ ಧಾರಾವಾಹಿ ‘ಪಾಪ ಪಾಂಡು’ ಮೊದಲಿನದರ ಮಟ್ಟ ಮುಟ್ಟಲಿಲ್ಲ. ಅದಕ್ಕೆ ಗಂಡ ಹೆಂಡತಿಯಾಗಿ ನಟಿಸಿದ ಚಿದಾನಂದ, ಶಾಲಿನಿ ಅವರನ್ನು ದೂರುವುದು ಅನ್ಯಾಯ. ಇಬ್ಬರೂ ತಮ್ಮ ಪಾತ್ರಗಳನ್ನು ಮರೆತಿರಲಿಲ್ಲ. ಕೈಕೊಟ್ಟದ್ದು ಬರವಣಿಗೆ.

ಈಟಿವಿ ಕನ್ನಡ ಶುರುವಾದ ಹೊಸತರಲ್ಲಿ ಸಿಹಿಕಹಿ ಚಂದ್ರು ಪಾಂಡುವಿನ ಮನೆಯನ್ನು ಕಟ್ಟಿಕೊಟ್ಟಾಗ ನಮ್ಮ ಬೆಳಗಾವಿ ಸೀಮೆಯ ಗೋಕಾಕ, ಹುಕ್ಕೇರಿ ಕಡೆಯ ಮನೆಗಳಲ್ಲೂ ಸಂಜೆಯ ಅರ್ಧ ತಾಸು ಅದಕ್ಕೇ ಮೀಸಲಾಗಿತ್ತು. ಬಡಪಾಯಿ ಗಂಡ, ಜೋರು ಹೆಂಡತಿ, ಗಂಡ ಹೇಳಿದ ಒಂದು ಸಣ್ಣ ಸುಳ್ಳು. ಆ ಸುಳ್ಳು ಬಯಲಾಗದಂತೆ ನೋಡಿಕೊಳ್ಳಲು ಅವನು ಪಡುವ ಪಾಡೇ ಆಗಿನ ನಗೆಯ ಬಂಡವಾಳ. ಮನೆಗೊಂದೇ ಫೋನು ಇದ್ದ ಕಾಲದಲ್ಲಿ ಹೊರಗೆ ಹೋದ ಗಂಡ ಎಲ್ಲಿದ್ದಾನೆಂದು ತಿಳಿಯುವ ದಾರಿಯೇ ಇರಲಿಲ್ಲ. ಸುಳ್ಳು ಸಂಜೆಯ ತನಕ ಬದುಕುತ್ತಿತ್ತು, ನಗೆಯೂ ಬದುಕುತ್ತಿತ್ತು.

2018ರ ಹೊತ್ತಿಗೆ ಎಲ್ಲರ ಕೈಯಲ್ಲೂ ಮೊಬೈಲು. ಈಗ ಗಂಡನ ಸುಳ್ಳು ಒಂದು ವಿಡಿಯೋ ಕಾಲಿಗೆ ಸಾಯುತ್ತದೆ. ಇಂಥ ಮನೆಯಲ್ಲಿ ಜಗಳ ಹುಟ್ಟುವ ಜಾಗವೇ ಬೇರೆ: ವಾಟ್ಸಾಪಿನಲ್ಲಿ ನೀಲಿ ಗುರುತು ಬಿದ್ದರೂ ಉತ್ತರ ಬರದಿದ್ದದ್ದು, ಕುಟುಂಬದ ಗುಂಪಿನಲ್ಲಿ ಅತ್ತೆ ಹಾಕಿದ ಒಂದು ಮಾತು, ಬೆಂಗಳೂರಿಗೆ ದುಡಿಯಲು ಹೋದ ಮಗ ಹಬ್ಬಕ್ಕೂ ಬಾರದಿದ್ದದ್ದು. ಬರೆಯಬಲ್ಲವರಿಗೆ ಇಲ್ಲಿ ರಾಶಿ ಸರಕಿತ್ತು. ಆದರೆ ನೋಡುಗರ ಮುಂದೆ ಬಂದದ್ದು ಬಹುಪಾಲು ಅದೇ ಹಳೆಯ ಹೆದರಿಕೆ, ಅದೇ ಗದರಿಕೆ. ಹಳೆಯ ಪರಿಚಯದ ಮೇಲೆ ಎಷ್ಟು ದಿನ ನಗಿಸಲಾದೀತು?

ಹಳೆಯ ಕತೆಯನ್ನು ಎರಡನೆಯ ಸಲ ಹೇಳುವುದು ತಪ್ಪೆಂದು ನಮ್ಮ ಸೀಮೆಯವರು ಹೇಳಲಾರರು. ನಮ್ಮ ಕಡೆಯ ಜನಪದ ಆಟ ಶ್ರೀಕೃಷ್ಣ ಪಾರಿಜಾತವನ್ನು ಮೊದಲು ಬರೆದವನು ಅಪರಾಳ ತಮ್ಮಣ್ಣ. ಅದನ್ನು ತಿದ್ದಿ, ಬೆಳೆಸಿ, ಅಟ್ಟದ ಮೇಲೆ ರಾತ್ರಿಯಿಡೀ ನಿಲ್ಲುವಂತೆ ಮಾಡಿದವನು ನಮ್ಮ ಮೂಡಲಗಿ ಸೀಮೆಯ ಕುಲಗೋಡ ತಮ್ಮಣ್ಣ. ಮುಂದೆ ಕೌಜಲಗಿ ನಿಂಗಮ್ಮನಂಥ ಕಲಾವಿದೆ ಅದೇ ಆಟದಿಂದ ಹೆಸರಾದಳು. ಪಾರಿಜಾತವೂ ಮೂಲದಲ್ಲಿ ಮನೆಜಗಳವೇ. ಒಂದು ಹೂವು ರುಕ್ಮಿಣಿಯ ಪಾಲಾಯಿತೆಂದು ಸತ್ಯಭಾಮೆ ಮುನಿಸಿಕೊಳ್ಳುತ್ತಾಳೆ, ಮೂರು ಲೋಕದ ಒಡೆಯ ಹೆಂಡತಿಯ ಮುಂದೆ ಗೋಗರೆಯುತ್ತಾನೆ. ಪಾಂಡುವಿನ ಹಿರಿಯಣ್ಣ ಆ ಕೃಷ್ಣನೇ. ಕತೆ ಎಲ್ಲರಿಗೂ ಬಾಯಿಪಾಠ. ಆದರೂ ಜನ ಬೆಳಗಿನ ತನಕ ಕೂರುತ್ತಿದ್ದರು, ಏಕೆಂದರೆ ಭಾಗವತ ನಡುನಡುವೆ ಬಾಯಿ ಹಾಕಿ ಎತ್ತುವ ಪ್ರಶ್ನೆ ಆ ಊರಿನದು, ಭಾಮೆ ಸಿಡುಕುವ ಮಾತು ಎದುರಿಗೆ ಕೂತ ಹೆಂಗಸರದು. ಎರಡನೆಯ ತಮ್ಮಣ್ಣ ಮೊದಲನೆಯವನ ಹೆಸರಿನ ಮೇಲೆ ಬದುಕಲಿಲ್ಲ. ತನ್ನ ಕಾಲದ, ತನ್ನ ನೆಲದ ಮಾತು ತಂದ. ಮರಳಿ ಬಂದ ಪಾಂಡುವನ್ನು ನಾವು ಅಳೆದದ್ದು ಈ ಕೋಲಿನಿಂದ.

ಹಳೆಯ ಹೆಸರಿನ ಮೇಲೆ ಬದುಕುವುದು ಕನ್ನಡ ವಾಹಿನಿಗಳಿಗಷ್ಟೇ ಅಂಟಿದ ರೋಗವಲ್ಲ. 2004ರ ಹಿಂದಿಯ ಹಾಸ್ಯ ಧಾರಾವಾಹಿ ‘ಸಾರಾಭಾಯಿ ವರ್ಸಸ್ ಸಾರಾಭಾಯಿ’ 2017ರಲ್ಲಿ ಹಾಟ್‌ಸ್ಟಾರಿನಲ್ಲಿ ಮರಳಿದಾಗಲೂ ಹಳೆಯ ಕಲಾವಿದರಿದ್ದರು, ಹಳೆಯ ಹರಿತವಿರಲಿಲ್ಲ.

ನಮ್ಮ ದೂರು ಇನ್ನೊಂದಿದೆ, ಅದು ಇದಕ್ಕಿಂತ ದೊಡ್ಡದು. ಕನ್ನಡದ ಕಿರುತೆರೆಯ ಹಾಸ್ಯ ಕುಟುಂಬಗಳು ಇಂದಿಗೂ ಹೆಚ್ಚುಕಡಿಮೆ ಬೆಂಗಳೂರಿನ ಬಡಾವಣೆಯಲ್ಲೇ ವಾಸವಾಗಿವೆ. ಬೆಳಗಾವಿ ಸೀಮೆಯ ಮಾತು ಅಲ್ಲಿಗೆ ಹೋದರೆ ಬಹಳ ಸಲ ಹೋಗುವುದು ಕೆಲಸದವನಾಗಿ, ಇಲ್ಲವೆ ದಾರಿ ತಪ್ಪಿ ಬಂದ ಹಳ್ಳಿಯವನಾಗಿ. ‘ಯಾಕವಾ, ಚಾ ಆತೇನ’ ಎಂದು ಅತ್ತೆ ಸೊಸೆಯನ್ನು ಕೇಳುವುದು ನಮ್ಮ ಮನೆಗಳಲ್ಲಿ ಮುಂಜಾನೆಯ ಸಹಜ ಮಾತು. ತೆರೆಯ ಮೇಲೆ ಅದೇ ಮಾತಿಗೆ ಹಿನ್ನೆಲೆಯ ನಗು ಕೇಳಿಸುತ್ತದೆ. ನಗೆ ಹುಟ್ಟಬೇಕಾದದ್ದು ಸಂದರ್ಭದಿಂದ. ಒಂದು ಸೀಮೆಯ ನುಡಿಯನ್ನೇ ನಗೆಯ ಸರಕು ಮಾಡುವುದು ಬರಹಗಾರನ ಸೋಮಾರಿತನ, ಆ ಸೀಮೆಗೆ ಮಾಡುವ ಅವಮಾನ. ಹಳೆಯ ಧಾರಾವಾಹಿ ಹೊಸದಾಗಿ ಬಂದಾಗಲಾದರೂ ಇದನ್ನು ತಿದ್ದಿಕೊಳ್ಳಬಹುದಿತ್ತು. ಪಾಂಡುವಿನ ಪಕ್ಕದ ಮನೆಗೆ ಘಟಪ್ರಭೆಯ ದಂಡೆಯ ಒಂದು ಸಂಸಾರ ಬಂದಿದ್ದರೆ, ಅವರೂ ಸಮಾನರಾಗಿ ಜಗಳವಾಡಿ, ಗೆದ್ದು, ಸೋತಿದ್ದರೆ ಎಷ್ಟು ಕಂತುಗಳಿಗೆ ಜೀವ ಬರುತ್ತಿತ್ತು!

ಹಳೆಯ ಹೆಸರೊಂದನ್ನು ಮತ್ತೆ ಹೊರತೆಗೆಯುವ ಆಸೆ ಯಾವ ವಾಹಿನಿಗೇ ಇರಲಿ, ಕಲಾವಿದರ ದಿನಾಂಕ ಕೇಳುವ ಮೊದಲು ಬರಹಗಾರರನ್ನು ಕೂಡಿಸಲಿ. ಅವರಲ್ಲಿ ಇಬ್ಬರಾದರೂ ಬೆಂಗಳೂರಿನ ಆಚೆಯವರಿರಲಿ. ಇಂದಿನ ಮನೆಯಲ್ಲಿ ಯಾರು ಯಾರಿಗೆ ಯಾತಕ್ಕೆ ಸುಳ್ಳು ಹೇಳುತ್ತಾರೆಂಬುದು ಅವರಿಗೆ ಗೊತ್ತಿದ್ದರೆ ಚಿತ್ರೀಕರಣ ಶುರುವಾಗಲಿ. ಗೊತ್ತಿಲ್ಲದಿದ್ದರೆ ಹಳೆಯ ಕಂತುಗಳನ್ನೇ ಮರುಪ್ರಸಾರ ಮಾಡಲಿ, ನಾವು ಸಂತೋಷದಿಂದ ನೋಡುತ್ತೇವೆ.