ನಲವತ್ತೈದು ದಾಟಿದ ನಮ್ಮ ತಾಯಂದಿರು

ನಮ್ಮಲ್ಲಿ ಬಾಲ್ಯಕ್ಕೆ ಜೋಗುಳವಿದೆ, ಯೌವನಕ್ಕೆ ಶೋಭಾನೆಯಿದೆ, ವಾರ್ಧಕ್ಯಕ್ಕೆ ಬಾಯಿಮಾತಿನದಾದರೂ ಗೌರವವಿದೆ. ನಲವತ್ತೈದು ದಾಟಿ ಅರವತ್ತು ಮುಟ್ಟದ ಹೆಂಗಸಿಗೆ ಏನಿದೆ? ಕೆಲಸವಿದೆ. ಅದೊಂದನ್ನು ಬಿಟ್ಟರೆ ಬೇರೇನೂ ಇಲ್ಲವೆಂದು ನನಗೆ ತೋರುತ್ತದೆ.

ನಾನು ಕೊಲ್ಲಮೊಗ್ರಿನವಳು. ನಮ್ಮದು ಘಟ್ಟದ ಬುಡದ ಊರು. ಆಟಿಯ ಮಳೆಯೆಂದರೆ ಕಂಬಳಿ ಹೊದ್ದರೂ ಚಳಿ ಬಿಡದ ಮಳೆ. ಅಂಥದೊಂದು ರಾತ್ರಿ ಎಚ್ಚರವಾಗಿ ನೋಡುತ್ತೇನೆ, ಅವ್ವ ಬಾಗಿಲು ತೆರೆದು ಜಗಲಿಯಲ್ಲಿ ಕುಳಿತು ಹಾಳೆಯ ಬೀಸಣಿಗೆಯಿಂದ ಗಾಳಿ ಹಾಕಿಕೊಳ್ಳುತ್ತಿದ್ದಾಳೆ. ಕುತ್ತಿಗೆಯೆಲ್ಲ ಬೆವರು. “ಎಂತ ಅವ್ವ?” ಎಂದೆ. “ಎಂತದೂ ಇಲ್ಲೆ” ಎಂದು ನನ್ನನ್ನು ಒಳಗೆ ಕಳುಹಿಸಿದಳು. ಆಟಿ ಅಮಾವಾಸ್ಯೆಯ ಮುಂಜಾವದಲ್ಲಿ ಪಾಲೆ ಮರದ ಕೆತ್ತೆಯನ್ನು ಅರೆದು, ಕಷಾಯ ಮಾಡಿ ಮನೆಮಂದಿಗೆಲ್ಲ ಕುಡಿಸಿದವಳೂ ಅವಳೇ. ಅವಳಿಗೊಂದು ಮದ್ದು ಬೇಕಾಗಿರಬಹುದೆಂದು ನಮ್ಮಲ್ಲಿ ಯಾರಿಗೂ ಹೊಳೆಯಲಿಲ್ಲ.

ಇದೇನು ಅಪರೂಪದ ರೋಗವಲ್ಲ. ಹೆಂಗಸರಿಗೆ ಸಾಮಾನ್ಯವಾಗಿ 45ರಿಂದ 55ರೊಳಗೆ ಮುಟ್ಟು ನಿಲ್ಲುತ್ತದೆ. ನಮ್ಮ ದೇಶದಲ್ಲಿ ಅನೇಕರಿಗೆ ಇನ್ನೂ ಮೊದಲೇ. ಈಸ್ಟ್ರೋಜನ್ ಎಂಬ ರಸವು ಕಡಿಮೆಯಾಗುತ್ತ ಬರುವುದರಿಂದ ಮೈ ಒಮ್ಮೆಲೇ ಬಿಸಿಯೇರುತ್ತದೆ, ನಿದ್ರೆ ಕೆಡುತ್ತದೆ, ಮನಸ್ಸು ಸಣ್ಣ ಮಾತಿಗೂ ನೋಯುತ್ತದೆ, ಎಲುಬು ಸವೆಯತೊಡಗುತ್ತದೆ. ಇಷ್ಟನ್ನು ನಾನು ಪುಸ್ತಕದಲ್ಲಿ ಓದಿದ್ದೆ. ಆದರೆ ಓದಿದ್ದು ಪುಸ್ತಕದಲ್ಲಿಯೇ ಉಳಿದಿತ್ತು. ಅವ್ವ ಸಿಡುಕಿದಾಗ “ಇವಳಿಗೇನಾಯಿತು!” ಎಂದು ನಾನೂ ಗೊಣಗಿದ್ದೇನೆ.

“ಹಿಂದಿನವರು ಇದನ್ನೆಲ್ಲ ಸಹಿಸಲಿಲ್ಲವೇ? ಈಗಿನವರಿಗೇನು ವಿಶೇಷ?” ಎಂದು ಕೇಳುವವರಿದ್ದಾರೆ. ಹಿಂದಿನವರು ಸಹಿಸಿದರು, ನಿಜ. ಆದರೆ ಒಬ್ಬರೇ ಸಹಿಸಬೇಕಾಗಿರಲಿಲ್ಲ. ಆ ವಯಸ್ಸಿಗೆ ಮನೆಗೆ ಸೊಸೆ ಬಂದಿರುತ್ತಿದ್ದಳು. ಒಲೆಯ ಮುಂದಿನ ಜಾಗ ಅವಳಿಗೆ ಹೋಗುತ್ತಿತ್ತು. ಇಂದು ಮಕ್ಕಳು ಓದಿಗೂ ಉದ್ಯೋಗಕ್ಕೂ ಮಂಗಳೂರು, ಬೆಂಗಳೂರು ಸೇರಿದ್ದಾರೆ. ಮನೆಯಲ್ಲಿ ಉಳಿದವರು ಇಬ್ಬರೋ ಮೂವರೋ. ದನ, ಹಟ್ಟಿ, ಸೊಪ್ಪು, ಸೊಸೈಟಿಗೆ ಹಾಲು, ಅಡಿಕೆ ಹೆಕ್ಕುವುದು, ಒಣಗಿಸುವುದು, ಸುಲಿಯುವುದು, ಎಲ್ಲವೂ ಅವಳ ಪಾಲಿಗೆ. ಸುಳ್ಯ ತಾಲೂಕಿನ ಸಂಪಾಜೆ, ಅರಂತೋಡು ಮುಂತಾದ ಕಡೆಗಳಲ್ಲಿ ಹಳದಿ ಎಲೆ ರೋಗವು ತೋಟಗಳನ್ನೇ ನುಂಗಿದೆ. ಫಸಲು ಕಡಿಮೆಯಾದ ಮನೆಯಲ್ಲಿ ಹೆಂಗಸಿನ ಕೆಲಸ ಕಡಿಮೆಯಾಗುವುದಿಲ್ಲ. ಬೀಡಿಯ ಸೂಪೊಂದು ಮಡಿಲಿಗೆ ಬರುತ್ತದೆ, ಅಷ್ಟೆ.

ಸರಕಾರ ಏನೂ ಮಾಡಿಲ್ಲವೆನ್ನಲಾರೆ. 2023ರ ಜೂನ್‌ನಿಂದ ಸರಕಾರಿ ಬಸ್ಸಿನಲ್ಲಿ ಹೆಂಗಸರಿಗೆ ಟಿಕೆಟಿಲ್ಲ. ಅದೇ ವರ್ಷದ ಆಗಸ್ಟ್‌ನಲ್ಲಿ ಆರಂಭವಾದ ಗೃಹಲಕ್ಷ್ಮಿ ಯೋಜನೆ ಮನೆಯ ಯಜಮಾನಿಗೆ ತಿಂಗಳಿಗೆ 2000 ರೂಪಾಯಿ ಗೊತ್ತುಮಾಡಿತು. ಎರಡೂ ಒಳ್ಳೆಯವೇ. ಆದರೆ ಸುಳ್ಯದ ವೈದ್ಯರಲ್ಲಿಗೆ ಹೋಗಿಬರಲು ಬೇಕಾದುದು ಟಿಕೆಟಿನ ಹಣ ಮಾತ್ರವಲ್ಲ, ಒಂದು ದಿವಸ. ಆ ದಿವಸ ಹಟ್ಟಿಯ ದನಕ್ಕೆ ಹುಲ್ಲು ಹಾಕುವವರು ಯಾರು? ಬಸುರಿಗೆ ತಾಯಿ ಕಾರ್ಡ್ ಇದೆ, ತಿಂಗಳು ತಿಂಗಳು ವಿಚಾರಿಸುವವರಿದ್ದಾರೆ. ಹೆರುವ ಕಾಲ ಮುಗಿದವಳನ್ನು ಹಾಗೆ ವಿಚಾರಿಸುವವರು ಯಾರು?

ಪುತ್ತೂರಿನ ಬಾಲವನದಲ್ಲಿ ಬಹುಕಾಲ ಬಾಳಿದ ಡಾ. ಶಿವರಾಮ ಕಾರಂತರ ‘ಮೂಕಜ್ಜಿಯ ಕನಸುಗಳು’ ಕಾದಂಬರಿಗೆ 1977ರ ಜ್ಞಾನಪೀಠ ಪ್ರಶಸ್ತಿ ಬಂತು. ಮುದುಕಿಯೊಬ್ಬಳ ಮಾತಿಗೆ ನಾಡೇ ಕಿವಿಗೊಟ್ಟಿತು. ಅಜ್ಜಿಯ ಮಾತನ್ನು ಕೇಳಿದ ನಾವು, ಪಕ್ಕದ ಕೋಣೆಯಲ್ಲಿ ನಿದ್ರೆಯಿಲ್ಲದೆ ಹೊರಳುವ ಅವ್ವನ ಮಾತನ್ನು ಕೇಳಬಾರದೇ?

ಕೇಳದಿದ್ದರೆ ಏನಾಗುತ್ತದೆಂಬುದು ನಮ್ಮ ಮನೆಯಲ್ಲಿಯೇ ತಿಳಿಯಿತು. ಮುಟ್ಟು ನಿಂತು ವರ್ಷ ಕಳೆದ ಮೇಲೆ ಅವ್ವನಿಗೆ ಮತ್ತೆ ರಕ್ತ ಕಂಡಿತ್ತಂತೆ. ನಾಲ್ಕು ತಿಂಗಳು ಯಾರಿಗೂ ಹೇಳಲಿಲ್ಲ. ಯಾಕೆಂದು ಕೇಳಿದರೆ, “ಅಡಿಕೆ ಸುಲಿದು ಮುಗಿಯಲಿ ಎಂದಿದ್ದೆ” ಎಂದಳು! ಪರೀಕ್ಷೆ ನಡೆಯಿತು. ಭಯಪಡುವಂಥದೇನಲ್ಲವೆಂದು ವೈದ್ಯರು ಹೇಳಿದರು; ಆದರೆ ಹಾಗೆ ಕಂಡಾಗ ಒಂದು ದಿನವೂ ಸುಮ್ಮನಿರಬಾರದು, ಅದು ಗರ್ಭಕೋಶದ ಕ್ಯಾನ್ಸರಿನ ಸೂಚನೆಯೂ ಆಗಿರಬಹುದೆಂದು ಎಚ್ಚರಿಸಿದರು. ದೈವ ನಮ್ಮ ಕಡೆಗಿತ್ತು. ಎಲ್ಲರ ಕಡೆಗೂ ಇರುತ್ತದೆಯೇ?

ಸಹಪಾಠಿಗಳೇ, ನಾವು ದೊಡ್ಡ ಸುಧಾರಕರಾಗಬೇಕಾಗಿಲ್ಲ. ರಜೆಯಲ್ಲಿ ಮನೆಗೆ ಹೋದಾಗ ಮೊಬೈಲನ್ನು ಬದಿಗಿಟ್ಟು ಒಂದು ಗಂಟೆ ಅಡಿಕೆ ಸುಲಿಯೋಣ, ಸುಲಿಯುತ್ತ “ನಿದ್ರೆ ಬರುತ್ತದೆಯೇ?” ಎಂದು ಕೇಳೋಣ. ಇದು ಹೆಣ್ಣುಮಕ್ಕಳಿಗಷ್ಟೇ ಹೇಳುವ ಮಾತಲ್ಲ. ತಾಯಿ ಹುಡುಗರಿಗೂ ತಾಯಿಯೇ. ಗುರುಗಳಲ್ಲಿಯೂ ಒಂದು ವಿನಂತಿ: ವರ್ಷಕ್ಕೊಮ್ಮೆ ವೈದ್ಯೆಯೊಬ್ಬರನ್ನು ಕರೆಸಿ, ನಮ್ಮೊಂದಿಗೆ ನಮ್ಮ ತಾಯಂದಿರನ್ನೂ ಕುಳ್ಳಿರಿಸಿ ಈ ವಿಷಯವನ್ನು ಮಾತನಾಡಿಸಬೇಕು.

ಇದನ್ನು ಬರೆಯಲೇ ಎಂದು ಅವ್ವನನ್ನು ಕೇಳಿದೆ. ಬಹಳ ಹೊತ್ತು ಸುಮ್ಮನಿದ್ದಳು. ಕಡೆಗೆ, “ಬರೆ, ಹೆಸರು ಬೇಡ” ಎಂದಳು. ಆದುದರಿಂದ ಈ ಲೇಖನದ ಕೆಳಗೆ ನನ್ನ ಹೆಸರೂ ಇಲ್ಲ. ಹೆಸರು ಹಾಕಿ ಬರೆಯುವ ಕಾಲ ನನ್ನ ತಂಗಿಗಾದರೂ ಬರಲಿ.

— ದ್ವಿತೀಯ ಬಿ.ಎ. ವಿದ್ಯಾರ್ಥಿನಿ